ಹಳೆ ಬೈಕಿಗೆ ಹೊಸ ಸೈಲೆನ್ಸರ್: ಕೂರುತ್ತೆ, ಆದರೆ ಹೊಂದುತ್ತಾ?

ಧರ್ಮಪುರಿಯಿಂದ ಸೇಲಂಗೆ ಹೋಗುವ 44ನೇ ಹೆದ್ದಾರಿಯ ಪಕ್ಕ ಒಂದು ಭಾನುವಾರ ಬೆಳಿಗ್ಗೆ ನಿಂತು ನೋಡಿ. ಏರ್ಕಾಡಿಗೆ, ಹೊಗೇನಕಲ್ಲಿಗೆ ಹೊರಟ ಬೈಕುಗಳ ಸಾಲೇ ಸಾಲು. ಅವುಗಳ ನಡುವೆ ಒಮ್ಮೊಮ್ಮೆ ಹಳೆಯ ಯೆಜ್ಡಿ, ಹಳೆಯ ಬುಲೆಟ್ ಕೂಡ ಕಾಣುತ್ತವೆ. ಕಣ್ಣು ಮುಚ್ಚಿಕೊಂಡರೂ ಇವೆರಡನ್ನು ಗುರುತಿಸಬಹುದು. ಯೆಜ್ಡಿಯದು ಬಿಡುವಿಲ್ಲದ ಸದ್ದು, ಬುಲೆಟ್ಟಿನದು ಎಣಿಸಬಹುದಾದಂಥ 'ಡಬ್ ಡಬ್'.

ಯೆಜ್ಡಿ ನಮ್ಮ ಮೈಸೂರಿನ ಬೈಕು. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳು ತಯಾರಾದವು. ದೂರದ ಪ್ರಯಾಣಕ್ಕೆ ಹೆಸರಾದ ರೋಡ್‌ಕಿಂಗ್ ಬಂದದ್ದೂ ಅಲ್ಲಿಂದಲೇ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಬೈಕುಗಳು ಉಳಿದವು, ಬಿಡಿಭಾಗಗಳು ಕಡಿಮೆಯಾದವು. ಅದರಲ್ಲೂ ಬೇಗ ಹಾಳಾಗುವುದು ಸೈಲೆನ್ಸರ್.

2018ರಲ್ಲಿ ಜಾವಾ ಹೆಸರಿನ ಹೊಸ ಬೈಕು ಮಾರುಕಟ್ಟೆಗೆ ಬಂತು. ಹಳೆಯದರ ಹಾಗೇ ದುಂಡನೆಯ ಟ್ಯಾಂಕು, ಎರಡೂ ಕಡೆ ಒಂದೊಂದು ಹೊಳೆಯುವ ಸೈಲೆನ್ಸರ್. ಇದನ್ನು ನೋಡಿದ ಯಾರಿಗಾದರೂ ಒಂದು ಆಸೆ ಹುಟ್ಟುವುದು ಸಹಜ.

"ಅಣ್ಣಾ, ಈ ಹೊಸ ಸೈಲೆನ್ಸರ್ ನಮ್ಮಪ್ಪನ ಯೆಜ್ಡಿಗೆ ಸೆಟ್ ಆಗತ್ತಾ?"

"ಕ್ಲಾಂಪ್ ಹಾಕಿ, ವೆಲ್ಡ್ ಮಾಡಿದ್ರೆ ಕೂರತ್ತೆ ತಮ್ಮಾ. ಆದ್ರೆ ಬೈಕು ಹೇಗೆ ಓಡತ್ತೆ ಅನ್ನೋದು ಬೇರೆ ಮಾತು."

ಕೂರುವುದು ಬೇರೆ, ಹೊಂದುವುದು ಬೇರೆ. ಯಾಕೆ ಬೇರೆ ಅನ್ನುವುದನ್ನು ಈ ಲೇಖನದಲ್ಲಿ ನೋಡೋಣ.

ಸೈಲೆನ್ಸರ್ ಮಾಡೋ ಕೆಲಸ ಏನು?

ಸದ್ದು ಕಡಿಮೆ ಮಾಡುವುದು ಅಂತ ಹೆಸರೇ ಹೇಳುತ್ತೆ. ಅದು ಒಂದು ಕೆಲಸ ಮಾತ್ರ. ಇನ್ನೂ ಮೂರು ಕೆಲಸಗಳಿವೆ.

ಒಂದು, ಸಿಲಿಂಡರಿನಲ್ಲಿ ಉರಿದ ಅನಿಲವನ್ನು ಸವಾರನಿಂದ ದೂರಕ್ಕೆ, ಹಿಂದಕ್ಕೆ ಸಾಗಿಸುವುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುವ ವಿಷ ಅದು. ಮುಚ್ಚಿದ ಕೋಣೆಯಲ್ಲಿ ಬೈಕನ್ನು ಸ್ಟಾರ್ಟ್ ಮಾಡಿ ಇಡಬಾರದು ಅನ್ನುವುದು ಇದಕ್ಕೇ.

ಎರಡು, ಆ ಅನಿಲವನ್ನು ಸರಿಯಾದ ಹೊತ್ತಿಗೆ ಸಿಲಿಂಡರಿನಿಂದ ಎಳೆದು ಹಾಕಿ, ಮುಂದಿನ ಉಸಿರಿಗೆ ಜಾಗ ಮಾಡುವುದು. ಎಂಜಿನ್ ಕೂಡ ನಮ್ಮ ಹಾಗೆ ಉಸಿರಾಡುತ್ತೆ. ಉಸಿರು ಪೂರ್ತಿ ಬಿಡದೆ ಹೊಸ ಉಸಿರು ತೆಗೆದುಕೊಳ್ಳಲಾಗದು.

ಮೂರು, ಹೊಸ ಬೈಕುಗಳಲ್ಲಿ ಹೊಗೆಯನ್ನು ಶುದ್ಧ ಮಾಡುವುದು. ಇದಕ್ಕೆ ಎಕ್ಸಾಸ್ಟ್ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಜೇನುಗೂಡಿನಂಥ ಸಣ್ಣ ಸಣ್ಣ ರಂಧ್ರಗಳ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೋಹಗಳ ತೆಳು ಲೇಪ. ಇವು ವೇಗವರ್ಧಕಗಳು. ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಆಗಿಯೂ, ಉರಿಯದ ಪೆಟ್ರೋಲನ್ನು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿಯೂ, ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ ಆಗಿಯೂ ಬದಲಿಸುತ್ತವೆ.

ಹೀಗೆ ನೋಡಿದರೆ ಸೈಲೆನ್ಸರ್ ಎಂಜಿನ್ನಿನ ಹಿಂದೆ ತಗುಲಿಸಿದ ಕೊಳವೆ ಅಲ್ಲ, ಎಂಜಿನ್ನಿನದೇ ಒಂದು ಭಾಗ.

ಎರಡು ಎಂಜಿನ್, ಎರಡು ರೀತಿಯ ಉಸಿರು

ಹಳೆಯ ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಒಂದು ಸಲ ಕಿಡಿ. ಹೊಸ ಜಾವಾದ್ದು 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಎರಡು ಸುತ್ತಿಗೆ ಒಂದು ಕಿಡಿ. ಬುಲೆಟ್ ಕೂಡ ಫೋರ್ ಸ್ಟ್ರೋಕ್.

ನಿಮಿಷಕ್ಕೆ 3000 ಸುತ್ತು ತಿರುಗುವ ಬುಲೆಟ್ಟಿನಲ್ಲಿ ಸೆಕೆಂಡಿಗೆ 25 ಸಲ ಹೊಗೆ ಹೊರಬರುತ್ತದೆ. ಅಷ್ಟೇ ವೇಗದಲ್ಲಿ ತಿರುಗುವ ಯೆಜ್ಡಿಯಲ್ಲಿ 50 ಸಲ. ದೂರದಿಂದಲೇ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗಲು ಇದೊಂದು ಕಾರಣ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯನ್ನು ಹೊರಗೆ ತಳ್ಳಲು ಪಿಸ್ಟನ್ನಿಗೆ ಒಂದು ಪೂರ್ತಿ ಹೊಡೆತ ಸಿಗುತ್ತದೆ. ಬಾಗಿಲು ಕಾಯಲು ವಾಲ್ವ್ ಇದೆ. ಟೂ ಸ್ಟ್ರೋಕಿನಲ್ಲಿ ಈ ಸೌಕರ್ಯ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ ಕೆಳಗಿಳಿದಾಗ ಅವು ತೆರೆದುಕೊಳ್ಳುತ್ತವೆ, ಮೇಲೇರಿದಾಗ ಮುಚ್ಚಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಹೊಸ ಪೆಟ್ರೋಲ್‌ಗಾಳಿ ಬರುವ ಕಿಂಡಿ, ಹಳೆ ಹೊಗೆ ಹೋಗುವ ಕಿಂಡಿ ಎರಡೂ ಒಟ್ಟಿಗೇ ತೆರೆದಿರುತ್ತವೆ. ಮುಂಬಾಗಿಲು, ಹಿಂಬಾಗಿಲು ಎರಡನ್ನೂ ತೆರೆದಿಟ್ಟ ಮನೆ ಇದ್ದ ಹಾಗೆ. ಬಂದ ನೆಂಟರು ಹಾಗೇ ಹಿತ್ತಲಿಂದ ಹೊರಟುಹೋಗಬಹುದು!

ಹಾಗಾದರೆ ಹೊರಟ ನೆಂಟರನ್ನು ವಾಪಸ್ ಕರೆಯೋದು ಯಾರು? ಎಕ್ಸಾಸ್ಟ್ ಕೊಳವೆಯೊಳಗಿನ ಒತ್ತಡದ ಅಲೆ.

ಅಲೆ ಹೋಗಿ ಬರುವ ಲೆಕ್ಕ

ಎಕ್ಸಾಸ್ಟ್ ಕಿಂಡಿ ತೆರೆದ ಕ್ಷಣ ಒಳಗಿನ ಒತ್ತಡ ಹೊರಕ್ಕೆ ನುಗ್ಗುತ್ತದೆ. ಅದರಿಂದ ಹುಟ್ಟಿದ ಅಲೆ ಕೊಳವೆಯಲ್ಲಿ ಶಬ್ದದ ವೇಗದಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ಕಡೆ ಅಲೆಯ ಒಂದು ಪಾಲು ತಿರುಗಿ ಬರುತ್ತದೆ. ಅದು ಕಡಿಮೆ ಒತ್ತಡದ ಅಲೆ, ಹೊಗೆಯನ್ನು ಎಳೆಯುತ್ತದೆ. ಕೊಳವೆ ಕಿರಿದಾಗುವ ಕಡೆ ತಗುಲಿದ ಪಾಲು ಹೆಚ್ಚು ಒತ್ತಡದ ಅಲೆಯಾಗಿಯೇ ತಿರುಗಿ ಬರುತ್ತದೆ. ಅದು ಆಚೆ ಹೋಗುತ್ತಿದ್ದ ಹೊಸ ಪೆಟ್ರೋಲ್‌ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಎರಡೂ ಸರಿಯಾದ ಹೊತ್ತಿಗೆ ಬಂದರೆ ಮಾತ್ರ ಲಾಭ.

ಒಂದು ಲೆಕ್ಕ ಮಾಡೋಣ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಬಿಸಿ ಹೆಚ್ಚಾದಂತೆ ವೇಗವೂ ಹೆಚ್ಚುತ್ತದೆ, ಕೆಲ್ವಿನ್ ಉಷ್ಣತೆಯ ವರ್ಗಮೂಲಕ್ಕೆ ತಕ್ಕ ಹಾಗೆ. ಕೊಳವೆಯ ಅನಿಲ 500 ಡಿಗ್ರಿ ಇದ್ದರೆ ವೇಗ ಸುಮಾರು 550 ಮೀಟರ್ ಎನ್ನಬಹುದು. ಕಿಂಡಿಯಿಂದ ಒಂದು ಮೀಟರ್ ದೂರದಲ್ಲಿ ಕೊಳವೆ ಕಿರಿದಾಗಿದೆ ಎಂದುಕೊಳ್ಳಿ. ಹೋಗಿ ಬರಲು ಎರಡು ಮೀಟರ್. ಬೇಕಾದ ಸಮಯ 2ನ್ನು 550ರಿಂದ ಭಾಗಿಸಿದರೆ ಸಿಗುತ್ತದೆ: ಸುಮಾರು 3.6 ಮಿಲಿಸೆಕೆಂಡ್.

ಈಗ ಎಂಜಿನ್ ಕಡೆ ನೋಡಿ. ನಿಮಿಷಕ್ಕೆ 4000 ಸುತ್ತು ಎಂದರೆ ಒಂದು ಸುತ್ತಿಗೆ 15 ಮಿಲಿಸೆಕೆಂಡ್. 360 ಡಿಗ್ರಿ ಸುತ್ತಿನಲ್ಲಿ 150 ಡಿಗ್ರಿಯಷ್ಟು ಹೊತ್ತು ಎಕ್ಸಾಸ್ಟ್ ಕಿಂಡಿ ತೆರೆದಿದ್ದರೆ ಅದು ಸುಮಾರು 6.25 ಮಿಲಿಸೆಕೆಂಡ್. ಅಂದರೆ ಕಿಂಡಿ ಮುಚ್ಚುವ ಮೊದಲೇ ಅಲೆ ವಾಪಸ್ ಬಂದು ತಳ್ಳುತ್ತದೆ. ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿದರೆ ಅಲೆ 1.8 ಮಿಲಿಸೆಕೆಂಡಿಗೇ ಬಂದುಬಿಡುತ್ತೆ. ಆಗಿನ್ನೂ ಹಳೆ ಹೊಗೆ ಹೊರಗೆ ಹೋಗುತ್ತಾ ಇರುತ್ತೆ, ಅದನ್ನೇ ಒಳಕ್ಕೆ ತಳ್ಳುತ್ತೆ. ಕೊಳವೆ ತುಂಬಾ ಉದ್ದವಾದರೆ ಅಲೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಇದನ್ನು ಪ್ರಯೋಗ ಮಾಡಿ ಪಳಗಿಸಿದವರಲ್ಲಿ ಪೂರ್ವ ಜರ್ಮನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಮುಖ್ಯರು. ಎಂಝಡ್ ಕಂಪನಿಯ ರೇಸ್ ಬೈಕುಗಳಿಗೆ ಅವರು ನಡುವೆ ಉಬ್ಬಿ ಕೊನೆಗೆ ಕಿರಿದಾಗುವ ಕೊಳವೆಗಳನ್ನು ರೂಪಿಸಿದರು. 1961ರ ಹೊತ್ತಿಗೆ ಬರೀ 125 ಸಿಸಿಯ ಎಂಜಿನ್ನಿನಿಂದ 25 ಅಶ್ವಶಕ್ತಿ ಪಡೆದಿದ್ದರು. ಕೊಳವೆಯ ಆಕಾರಕ್ಕೆ ಅಷ್ಟು ಬೆಲೆ ಇದೆ. ಯೆಜ್ಡಿಯದು ರೇಸ್ ಬೈಕಿನ ಕೊಳವೆ ಅಲ್ಲ, ಆದರೆ ಅಲೆಯ ನಿಯಮ ಅದಕ್ಕೂ ಒಂದೇ.

ಮಾಡಿ ನೋಡಿ

ಒಂದು ಮೀಟರ್ ಉದ್ದದ ಪಿವಿಸಿ ಪೈಪ್ ತೆಗೆದುಕೊಳ್ಳಿ. ಒಂದು ತುದಿಯನ್ನು ಹವಾಯಿ ಚಪ್ಪಲಿಯ ಅಡಿಯಿಂದ ಮೆಲ್ಲಗೆ ಬಡಿದು, ಚಪ್ಪಲಿಯನ್ನು ತಕ್ಷಣ ತೆಗೆಯಿರಿ. ಒಂದು ಸ್ವರ ಕೇಳುತ್ತದೆ. ಮತ್ತೆ ಬಡಿಯಿರಿ, ಈ ಸಲ ಚಪ್ಪಲಿಯನ್ನು ತುದಿಗೆ ಒತ್ತಿಹಿಡಿಯಿರಿ. ಸ್ವರ ತಗ್ಗಿರುತ್ತದೆ.

ಎರಡೂ ತುದಿ ತೆರೆದಾಗ ಪೈಪಿನ ಆವೃತ್ತಿ ಸುಮಾರು 171 ಹರ್ಟ್ಸ್. ಒಂದು ತುದಿ ಮುಚ್ಚಿದರೆ ಅದರ ಅರ್ಧ, ಸುಮಾರು 86 ಹರ್ಟ್ಸ್. ಪೈಪ್ ಅದೇ, ಉದ್ದ ಅದೇ, ತುದಿ ಮಾತ್ರ ಬದಲಾಯಿತು. ತೆರೆದ ತುದಿ, ಮುಚ್ಚಿದ ತುದಿ ಅಲೆಯನ್ನು ಬೇರೆ ಬೇರೆ ರೀತಿಯಲ್ಲಿ ವಾಪಸ್ ಕಳಿಸುತ್ತವೆ ಅನ್ನುವುದಕ್ಕೆ ಇದೇ ಸಾಕ್ಷಿ. ಅರ್ಧ ಮೀಟರ್ ಪೈಪಿನಲ್ಲೂ ಮಾಡಿ, ಸ್ವರ ಏನಾಯಿತು ಬರೆದಿಡಿ. ಪ್ರಯೋಗ ಪೈಪಿನಲ್ಲೇ ಇರಲಿ, ಬಿಸಿ ಸೈಲೆನ್ಸರಿನ ಹತ್ತಿರ ಕೈ ಬೇಡ.

ಹಳೆ ಯೆಜ್ಡಿಗೆ ಹೊಸ ಜಾವಾದ್ದು ಯಾಕೆ ಹೊಂದೋದಿಲ್ಲ?

ಮೊದಲನೆಯದು ನಾವೀಗ ನೋಡಿದ ಅಲೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಲೆಕ್ಕಕ್ಕೆ ಮಾಡಿದ ಉದ್ದ, ವ್ಯಾಸ, ಒಳಗಿನ ತಡೆಗೋಡೆಗಳು ಟೂ ಸ್ಟ್ರೋಕಿನ ಹೊತ್ತಿಗೆ ಸರಿಹೋಗುವುದಿಲ್ಲ.

ಎರಡನೆಯದು ಎಣ್ಣೆ. ಹಳೆಯ ಯೆಜ್ಡಿಯಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸುತ್ತಾರೆ. ಅದರ ಒಂದಷ್ಟು ಪಾಲು ಉರಿಯದೆ ಹೊಗೆಯ ಜೊತೆ ಬರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರಿನ ಸಣ್ಣ ರಂಧ್ರಗಳಲ್ಲಿ ಎಣ್ಣೆಯ ಮಸಿ ಕಟ್ಟಿಕೊಳ್ಳುತ್ತದೆ. ಉರಿಯದ ಪೆಟ್ರೋಲ್ ಅಲ್ಲೇ ಉರಿದು ಕನ್ವರ್ಟರ್ ಅತಿಯಾಗಿ ಕಾಯುತ್ತದೆ. ದಾರಿ ಮುಚ್ಚುತ್ತಾ ಬಂದ ಹಾಗೆ ಹಳೆ ಹೊಗೆ ಸಿಲಿಂಡರಿನಲ್ಲೇ ಉಳಿಯುತ್ತದೆ.

ಮೂರನೆಯದು ಶುಚಿ ಮಾಡುವ ದಾರಿ. ಹಳೆಯ ಜಾವಾ, ಯೆಜ್ಡಿ ಸೈಲೆನ್ಸರಿನ ಒಳಗಿನ ರಂಧ್ರದ ಕೊಳವೆಯನ್ನು ಹೊರಗೆಳೆದು ಮಸಿ ಕೆರೆಯಬಹುದು. ಟೂ ಸ್ಟ್ರೋಕಿಗೆ ಮಸಿ ತಪ್ಪಿದ್ದಲ್ಲ ಎಂದು ತಿಳಿದೇ ಹಾಗೆ ಮಾಡಿದ್ದರು. ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಗೆ ಎಳೆದು ಕೆರೆಯಲಾಗದು.

ನಾಲ್ಕನೆಯದು ಜೋಡಣೆ. ಹಳೆಯ ಯೆಜ್ಡಿಯ ಬೆಂಡ್ ಪೈಪನ್ನು ಸಿಲಿಂಡರಿಗೆ ಮರೆಯಿರುವ ದೊಡ್ಡ ರಿಂಗ್ ನಟ್ಟಿನಿಂದ ಬಿಗಿಯುತ್ತಾರೆ. ಆ ಮರೆ ಸವೆದು, ವೆಲ್ಡ್ ಮಾಡಿ, ಬಲವಂತದಿಂದ ಕೂರಿಸಿದರೆ ಅಲ್ಲಿ ಹೊಗೆ ಸೋರುತ್ತದೆ.

"ಹಾಗಾದ್ರೆ ಒಳಗಿರೋದನ್ನೆಲ್ಲ ಕಿತ್ತು ಹಾಕಿ ಖಾಲಿ ಡಬ್ಬ ಮಾಡಿ ಹಾಕ್ಬಿಟ್ರೆ?" ಅಂತ ಕೆಲವರು ಕೇಳ್ತಾರೆ. ಆಗ ಇನ್ನೊಂದು ಅಪಾಯ ಶುರುವಾಗುತ್ತೆ.

ತೊಪ್ಪೂರು ಇಳಿಜಾರಿನಲ್ಲಿ

ಹೊಗೆಗೆ ತಡೆ ಕಡಿಮೆಯಾದರೆ ಎಂಜಿನ್ ಒಳಗೆಳೆಯುವ ಗಾಳಿಯ ಪ್ರಮಾಣ ಬದಲಾಗುತ್ತದೆ. ಕಾರ್ಬುರೇಟರಿನ ಜೆಟ್ ಮಾತ್ರ ಹಳೆಯದೇ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಆದಾಗ ಅದನ್ನು ಲೀನ್ ಮಿಶ್ರಣ ಎನ್ನುತ್ತಾರೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಜೋರಾಗಿ ಎಳೆಯುವಾಗ ಪಿಸ್ಟನ್ ತಂಪಾಗಿರಲಿ ಅಂತ ಪೆಟ್ರೋಲ್ ಇನ್ನೂ ಸ್ವಲ್ಪ ಹೆಚ್ಚೇ ಇರಬೇಕು. ಅದು ಕಡಿಮೆಯಾದರೆ ಪಿಸ್ಟನ್ ವಿಪರೀತ ಕಾಯುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಕಡಿಮೆ ಎಂದರೆ ಎಣ್ಣೆಯೂ ಕಡಿಮೆ, ಯಾಕಂದ್ರೆ ಎರಡೂ ಬರುವುದು ಒಟ್ಟಿಗೆ.

ಧರ್ಮಪುರಿ ಕಡೆಯಿಂದ ಸೇಲಂಗೆ ಇಳಿಯುವ ತೊಪ್ಪೂರು ಘಾಟಿ ನಿಮಗೆ ಗೊತ್ತು. ಲಾರಿಗಳ ಬ್ರೇಕ್ ಸೋತು ಅಪಘಾತವಾಗುವುದಕ್ಕೆ ಹೆಸರಾದ ಇಳಿಜಾರು. ಮೊದಲೇ ಕಾದಿರುವ ಟೂ ಸ್ಟ್ರೋಕ್ ಎಂಜಿನ್ನಿನ ಸವಾರ ಅಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಮುಚ್ಚಿ ಇಳಿಯುತ್ತಾನೆ ಎನ್ನೋಣ. ಚಕ್ರ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿದೆ, ಆದರೆ ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆ ಬರುತ್ತಿಲ್ಲ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಹಿಂದೆ ಲಾರಿ ಬರುತ್ತಿರುತ್ತದೆ.

ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಆಕ್ಸಿಲರೇಟರ್ ತುಸು ಕೊಡುತ್ತಾ ಹೋಗುವುದು, ಎಂಜಿನ್ ಬಿಗಿದಂತೆ ಅನ್ನಿಸಿದರೆ ತಕ್ಷಣ ಕ್ಲಚ್ ಹಿಡಿಯುವುದು ಇದಕ್ಕೇ. ಸದ್ದಿಗೋಸ್ಕರ ಖಾಲಿ ಮಾಡಿದ ಸೈಲೆನ್ಸರ್ ಪ್ರಾಣಕ್ಕೇ ಕುತ್ತು ತರಬಹುದು.

ಬುಲೆಟ್ಟಿನ ಕಥೆ ಸ್ವಲ್ಪ ಬೇರೆ

ಎಲ್ಲಾ ಹೊಸ ಭಾಗವೂ ಹಳೆ ಬೈಕಿಗೆ ಬೇಡ ಅಂತ ಅರ್ಥವಲ್ಲ. ಬುಲೆಟ್ 350 ತೆಗೆದುಕೊಳ್ಳಿ. ಎರಕದ ಕಬ್ಬಿಣದ ಹಳೆ ಎಂಜಿನ್ನಿನಲ್ಲೂ, 2009ರ ಸುಮಾರಿಗೆ ಬಂದ ಯುಸಿಇ ಎಂಜಿನ್ನಿನಲ್ಲೂ ಸಿಲಿಂಡರಿನ ವ್ಯಾಸ 70 ಮಿಲಿಮೀಟರ್, ಪಿಸ್ಟನ್ನಿನ ಓಟ 90 ಮಿಲಿಮೀಟರ್. ಗಾತ್ರ ಎರಡಕ್ಕೂ 346 ಸಿಸಿ. ಎರಡೂ ಫೋರ್ ಸ್ಟ್ರೋಕ್. ಒಂದು ಉಸಿರಿಗೆ ಬಿಡುವ ಹೊಗೆ ಹೆಚ್ಚುಕಡಿಮೆ ಒಂದೇ. ಹೀಗಾಗಿ ಹಿಂದಿನ ಸೈಲೆನ್ಸರ್ ಭಾಗ ಹೊಂದಿಕೊಳ್ಳುವ ಸಾಧ್ಯತೆ ಯೆಜ್ಡಿಗಿಂತ ಹೆಚ್ಚು.

ಆದರೂ ಮೂರು ಕಡೆ ನೋಡಬೇಕು. ಮೊದಲು ಬೆಂಡ್ ಪೈಪ್. ಹಳೆಯದರಲ್ಲಿ ಅದನ್ನು ಎಂಜಿನ್ ಹೆಡ್ಡಿನ ರಂಧ್ರಕ್ಕೆ ಒತ್ತಿ ಕೂರಿಸುತ್ತಾರೆ, ಹೊಸದರಲ್ಲಿ ಪಟ್ಟಿ ಇಟ್ಟು ನಟ್ ಬಿಗಿಯುತ್ತಾರೆ. ಎರಡನೆಯದು ಸೆನ್ಸರ್. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲಿನ ಬುಲೆಟ್ಟುಗಳಲ್ಲಿ ಕಾರ್ಬುರೇಟರ್ ಇಲ್ಲ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್ ಎಕ್ಸಾಸ್ಟಿನಲ್ಲಿದೆ. ಅಂಥ ಪೈಪನ್ನು ಹಳೆ ಬೈಕಿಗೆ ಹಾಕಿದರೆ ಸೆನ್ಸರಿನ ತೂತನ್ನು ಬೋಲ್ಟ್ ಹಾಕಿ ಗಾಳಿಯಾಡದಂತೆ ಮುಚ್ಚಬೇಕು. ಮೂರನೆಯದು ಮಿಶ್ರಣ. ಸೈಲೆನ್ಸರ್ ಬದಲಿಸಿದ ಮೇಲೆ ಒಂದಷ್ಟು ದೂರ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು ಮೆಕಾನಿಕ್‌ಗಳ ಹಳೆಯ ಪರೀಕ್ಷೆ. ಕಾಫಿ ಬಣ್ಣವಿದ್ದರೆ ಸರಿ. ಬೆಳ್ಳಗೆ ಸುಣ್ಣದಂತಿದ್ದರೆ ಲೀನ್, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು.

ಇಳಿಜಾರಿನಲ್ಲಿ ಕೆಲವು ಬುಲೆಟ್ಟುಗಳು 'ಪಟ್ ಪಟ್' ಎಂದು ಸಿಡಿಯುವುದನ್ನು ಕೇಳಿರುತ್ತೀರಿ. ಹುಡುಗರಿಗೆ ಅದು ಗತ್ತು, ಮೆಕಾನಿಕ್ಕಿಗೆ ಅದು ರೋಗದ ಲಕ್ಷಣ. ಜೋಡಣೆ ಸಡಿಲವಿದ್ದಾಗ, ಹೊಗೆಯ ಅಲೆ ದಾಟಿಹೋದ ಮರುಕ್ಷಣ ಕೊಳವೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಆಗ ಸಂದಿಯಿಂದ ಗಾಳಿ ಒಳನುಗ್ಗಿ, ಉರಿಯದ ಪೆಟ್ರೋಲ್ ಆವಿಯ ಜೊತೆ ಸೇರಿ ಬಿಸಿ ಕೊಳವೆಯಲ್ಲೇ ಸಿಡಿಯುತ್ತದೆ. ಹೊಗೆ ಹೊರಗೆ ಸೋರುವ ಸಂದಿಯಲ್ಲೇ ಗಾಳಿ ಒಳಗೂ ಬರುತ್ತೆ ಅನ್ನುವುದು ನೆನಪಿರಲಿ. ಅದಕ್ಕೇ ಒಳ್ಳೆಯ ಮೆಕಾನಿಕ್ ಪ್ರತಿ ಸಲ ಹೊಸ ಗ್ಯಾಸ್ಕೆಟ್ ಹಾಕುತ್ತಾನೆ. ತುಂಬಾ ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಒಣದಾಗಿ ಉಜ್ಜಬಾರದು.

ಸೈಲೆನ್ಸರ್ ಒಳಗಿಂದ ಯಾಕೆ ತುಕ್ಕು ಹಿಡಿಯುತ್ತೆ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ! ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿದರೆ ನೀರೇ ತಾನೇ? ಎಂಜಿನ್ ಬಿಸಿ ಇದ್ದಾಗ ಅದು ಆವಿಯಾಗಿ ಹೊರಟುಹೋಗುತ್ತದೆ. ಅಂಗಡಿಗೆ, ಬಸ್ ಸ್ಟ್ಯಾಂಡಿಗೆ ಅಂತ ಸಣ್ಣ ಓಟಕ್ಕಷ್ಟೇ ಬಳಸುವ ಬೈಕಿನಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. ದೂರ ಓಡುವ ಬೈಕಿನ ಸೈಲೆನ್ಸರ್ ಹೆಚ್ಚು ಕಾಲ ಬಾಳುವುದಕ್ಕೆ ಇದೂ ಒಂದು ಕಾರಣ.

ಹೊಸ ಎಕ್ಸಾಸ್ಟ್ ಭಾಗಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚಾಗಿ ಬಳಸುತ್ತಾರೆ. ಕಬ್ಬಿಣಕ್ಕೆ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಬೆರೆತರೆ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಹುಟ್ಟಿ ತುಕ್ಕನ್ನು ತಡೆಯುತ್ತದೆ. ಗೀರು ಬಿದ್ದರೂ ಆ ಪದರ ತಾನೇ ಮತ್ತೆ ಮೂಡುತ್ತದೆ. ನಮ್ಮ ಸೇಲಂ ಉಕ್ಕಿನ ಕಾರ್ಖಾನೆ ಹೆಸರು ಮಾಡಿರುವುದು ಇದೇ ಸ್ಟೇನ್‌ಲೆಸ್ ಸ್ಟೀಲಿಗೆ. ಹಾಗಾಗಿ ಹಳೆ ಬೈಕಿಗೆ ಹೊಸತನದ ಲಾಭ ಬೇಕಿದ್ದರೆ ಒಳ್ಳೆಯ ದಾರಿ ಒಂದಿದೆ: ಲೋಹ ಹೊಸದಿರಲಿ, ಉದ್ದ, ವ್ಯಾಸ, ಒಳರಚನೆ ಹಳೆಯದರದೇ ಇರಲಿ.

ಕಾನೂನು ಏನು ಹೇಳುತ್ತೆ?

ಹೊಸ ಬೈಕುಗಳ ಸದ್ದಿಗೆ ತಯಾರಿಕೆಯ ಹಂತದಲ್ಲೇ ಮಿತಿ ಇದೆ. 175 ಸಿಸಿಗಿಂತ ದೊಡ್ಡ ಬೈಕಿಗೆ ಅದು 80 ಡೆಸಿಬೆಲ್. 10 ಡೆಸಿಬೆಲ್ ಹೆಚ್ಚಾಯಿತು ಎಂದರೆ ಶಬ್ದದ ತೀವ್ರತೆ ಹತ್ತು ಪಟ್ಟಾಯಿತು ಎಂದರ್ಥ. ಮೋಟಾರು ವಾಹನ ಕಾಯ್ದೆಯ 190ನೇ ವಿಧಿಯಂತೆ, ಸದ್ದು ಮತ್ತು ಹೊಗೆಯ ನಿಯಮ ಮೀರಿದ ವಾಹನವನ್ನು ರಸ್ತೆಯಲ್ಲಿ ಓಡಿಸಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಸವಾರನ ಕಿವಿಗಿಂತ ಬೀದಿಯ ಮನೆಯಲ್ಲಿ ಮಲಗಿರುವ ಮಗುವಿನ, ಮುದುಕರ ಕಿವಿ ದೊಡ್ಡದು ಎಂದು ಈ ನಿಯಮ ಹೇಳುತ್ತಿದೆ.

ಹಾಕಿಸುವ ಮೊದಲು ಕೇಳಬೇಕಾದ ಐದು ಪ್ರಶ್ನೆ

ಮನೆಯಲ್ಲಿ ಯಾರಾದರೂ ಹಳೆ ಬೈಕಿಗೆ ಹೊಸ ಸೈಲೆನ್ಸರ್ ತರಲು ಹೊರಟರೆ ಇವನ್ನು ನೀವೇ ಕೇಳಿ.

1. ಎರಡೂ ಎಂಜಿನ್ ಒಂದೇ ಬಗೆಯವಾ? ಒಂದು ಟೂ ಸ್ಟ್ರೋಕ್, ಇನ್ನೊಂದು ಫೋರ್ ಸ್ಟ್ರೋಕ್ ಆದರೆ ಅಲ್ಲಿಗೇ ಬಿಡಿ.
2. ಎಂಜಿನ್ ಗಾತ್ರ, ಬೆಂಡ್ ಪೈಪಿನ ಒಳವ್ಯಾಸ, ಉದ್ದ ಹತ್ತಿರ ಹತ್ತಿರ ಇವೆಯಾ?
3. ಹೊಸದರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರಿನ ತೂತು ಇದೆಯಾ?
4. ಹಾಕಿದ ಮೇಲೆ ಜೆಟ್ ಮತ್ತು ಪ್ಲಗ್ ಪರೀಕ್ಷೆ ಮಾಡಿಕೊಡುತ್ತಾರಾ?
5. ಸದ್ದು ಮೊದಲಿಗಿಂತ ಹೆಚ್ಚಾಗುತ್ತಾ?

ನೀವೇ ಲೆಕ್ಕ ಹಾಕಿ

ಅ) 2020ರ ಕೊನೆಯಲ್ಲಿ ಬಂದ ಮೀಟಿಯರ್ 350 ಬೈಕಿನ ಸಿಲಿಂಡರಿನ ವ್ಯಾಸ 72 ಮಿಲಿಮೀಟರ್, ಓಟ 85.8 ಮಿಲಿಮೀಟರ್. ಗಾತ್ರ ಎಷ್ಟು ಸಿಸಿ? ಹಳೆ ಬುಲೆಟ್ಟಿಗಿಂತ ಎಷ್ಟು ಹೆಚ್ಚು?

ಆ) ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಎಕ್ಸಾಸ್ಟ್ ಅನಿಲ 300 ಡಿಗ್ರಿ ಇದ್ದಾಗ ಎಷ್ಟು? ಕೆಲ್ವಿನ್‌ಗೆ ಬದಲಿಸಿಕೊಳ್ಳುವುದನ್ನು ಮರೆಯಬೇಡಿ.

(ಉತ್ತರ: ಅ. ಸುಮಾರು 349 ಸಿಸಿ, 3 ಸಿಸಿ ಹೆಚ್ಚು. ಆ. ಸುಮಾರು 480 ಮೀಟರ್.)